ಟ್ರಾಂಟರ್‌ಗಳ ಮನೆ

ಲಡ್ಲೋ ಬಸ್‌ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಅಜ್ಜಿಯರು ಕೂತಿದ್ದರು.

“ನನ್ ಗಂಡ ವಿಲ್ಫ್ ತೀರ್ಕೊಂಡ್ಮೇಲೆ ಎಲ್ರೂ ನಮ್ಮನೇನ ‘ಮ್ಯೂರಿಯಲ್ ಮನೆ’ ಅಂತಾರೆ ಕಣೇ ಡೋರೀನ್.”

“ಮತ್ತಿನ್ನೇನನ್ಬೇಕು? ಇರೋಳು ನೀನೊಬ್ಳೇ ತಾನೆ?”

“ಮುಂಚೆ ಗಂಡ ಹೆಂಡ್ತೀನ ಸೇರ್ಸಿ, ನಮ್ಮ ಅಡ್ಡಹೆಸರಲ್ಲಿ ‘ಟ್ರಾಂಟರ್‌ಗಳ ಮನೆ’ ಅಂತಿದ್ರಲ್ಲೇ. ಅವನ ಬೂಟು ಇನ್ನೂ ಬಾಗಿಲಲ್ಲೇ ಇದೆ.”

“ಆ ಕೆಸರು ಬೂಟಾ? ಎಸೆದ್ಬಿಡು ಅಂತ ನಾನಂದಿದ್ನಲ್ಲೇ!”

“ಬೂಟು ಎಸೀತೀನಿ ಬಿಡು. ಅವನನ್ನ ಮನೆ ಹೆಸರಿಂದ ಯಾಕೆ ಎಸೀಬೇಕು?”

ಅಷ್ಟರಲ್ಲಿ ಡೋರೀನ್ ಅವರ ಫೋನು ಬಡಿದುಕೊಂಡಿತು.

“ಹೂಂ ಮಗಾ, ಟೀ ಕುಡಿಯೋಕೆ ಹೊರಟಿದೀನಿ. ಸಂಜೆ ಬಂದು ಕರ್ಕೊಂಡು ಹೋಗು. ಎಲ್ಲಿಗಾ? ಇನ್ನೆಲ್ಲಿಗೆ, ಟ್ರಾಂಟರ್‌ಗಳ ಮನೆಗೆ!”

ಬಸ್ಸು ಬಂತು. ಮ್ಯೂರಿಯಲ್ ಗೆಳತಿಯ ಚೀಲವನ್ನೂ ತಾವೇ ಎತ್ತಿಕೊಂಡು ಹತ್ತಿದರು.