ಹೆಜ್ಜೆಗೊಂದು ಹಕ್ಕಿ

ಜೋಗೇಶ್ವರಿಯ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನಂಬರಿಗಾಗಿ ಕಾಯುತ್ತಿದ್ದ ಹರಿಣಿಯ ಕಿವಿಗೆ ಪಕ್ಕದ ಬೆಂಚಿನಿಂದ ಕನ್ನಡ ಬಿತ್ತು. ಗಂಡ, ಹೆಂಡತಿ. ಗಂಡ ಜನರನ್ನು ಗುಡ್ಡ ಹತ್ತಿಸುವ ಗೈಡ್ ಎಂದು ಅವರ ಮಾತಿನಿಂದಲೇ ತಿಳಿಯಿತು.

“ಐತ್ವಾರದ ಗುಡ್ಡ ಕ್ಯಾನ್ಸಲ್ ಮಾಡ್ರಿ,” ಎಂದಳು ಹೆಂಡತಿ.

“ಹೆಂಗ್ ಮಾಡ್ಲಿ? ಪಾರ್ಲೆ ಕಡೆ ಹೆಣ್ಮಗಳು ನನ್ನ ಹೆಸರ್ ಹೇಳೇ ಬುಕ್ ಮಾಡ್ಯಾಳ.”

“ಅಷ್ಟ್ ಮಂದಿ ಗೈಡ್ ಇದ್ದಾಗ ನೀವೇ ಯಾಕ?”

“ಉಳಿದವ್ರು ಓಡಿಸ್ತಾರಂತ. ನಾ ಅವರ ಕಾಲಿಗೆ ತಕ್ಕಂಗ ನಡೀತೀನಂತ. ದಣಿವಾತು ಅನ್ನೂ ಮೊದಲೇ ಕುಂದರಸ್ತೀನಂತ. ಹಂಗಂತ ಎಲ್ಲಾರೂ ಫೋನಿನಾಗ ಬರೀತಾರ.”

ಹೆಂಡತಿ ಅವನ ಬಾತ ಮಂಡಿ ನೋಡಿದಳು.

“ಕುಂದ್ರೂದು ನಿಮಗ ಬೇಕಾಗಿರ್ತದಂತ ಹೇಳೀರೇನು?”

“ಹೇಳಿದ್ರ ಯಾರ್ ಬರ್ತಾರ, ಸುಂದ್ರವ್ವ?”

“ಮತ್ತ ಹೋದ ವಾರ ಹೆಂಗ್ ಇಳದ್ರಿ?”

“ಹಕ್ಕಿ ತೋರಿಸ್ಕೋತ ಇಳದೆ. ಹೆಜ್ಜೆಗೊಂದು ಹಕ್ಕಿ. ಇಲ್ಲದ್ದೂ ತೋರಿಸೀನಿ.”

“ಶಿವಪುತ್ರ!” ಎಂದು ಕಾಂಪೌಂಡರ್ ಕೂಗಿದ. ಅವನು ಗೋಡೆ ಹಿಡಿದು ಎದ್ದ. ಮೂರು ಹೆಜ್ಜೆ ಇಟ್ಟು, ತುಟಿ ಕಚ್ಚಿ ನಿಂತ.

“ಅಲ್ನೋಡು, ಕಿಡಕ್ಯಾಗ ಪಾರಿವಾಳ.”

ಹರಿಣಿಯೂ ತಿರುಗಿ ನೋಡಿದಳು. ಕಿಟಕಿಯಲ್ಲಿ ಏನೂ ಇರಲಿಲ್ಲ.

“ಹೌದ್ರಿ, ಚಂದ ಐತಿ,” ಎಂದು ಸುಂದ್ರವ್ವ ಅವನ ಪಕ್ಕ ನಿಂತಳು. ಆಮೇಲೆ ಇಬ್ಬರೂ ಒಳಗೆ ಹೋದರು.