ದಕ್ಕೆ ಬೀದಿಯ ಕೊನೆಯ ಪ್ಲೇಟು

ಇದು ಯಾರದೋ ಬಾಯಿಂದ ಯಾರದೋ ಕಿವಿಗೆ ಬಿದ್ದದ್ದಲ್ಲ. ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದ ಫೋಟೋದ ಕಮಲಾಕ್ಷನಿಗೆ ಆದದ್ದು. ಐವತ್ತೆಂಟನೇ ಇಸವಿ, ದೀಪಾವಳಿ ಕಳೆದ ಮೇಲೆ.

ಹೊತ್ತು ಮುಳುಗಿತ್ತು. ಬಂಟ್ವಾಳದ ಹಳೇ ಪೇಟೆಯಲ್ಲಿ, ಹೊಳೆಯ ಕಡೆಗೆ ಇಳಿಯುವ ದಕ್ಕೆ ಬೀದಿಯ ಬಾವಿಯ ಪಕ್ಕ ಅವನು ಒಬ್ಬನೇ ನಡೆಯುತ್ತಿದ್ದ. ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಕೈಯಲ್ಲಿ ಕ್ಯಾಮೆರಾದ ಪೆಟ್ಟಿಗೆ. ಬೆಳಗ್ಗಿನಿಂದ ಹೊತ್ತು ಹೊತ್ತು ಭುಜ ಮರಗಟ್ಟಿತ್ತು. ಗಾಳಿ ಇಲ್ಲ, ಏನಿಲ್ಲ… ಬಾವಿಯ ರಾಟೆ ಒಮ್ಮೆ ಕಿರ್ರ್ ಎಂದಿತು. ಅವನು ತಿರುಗಿ ನೋಡಲಿಲ್ಲ. ಹೆದರಿಕೆಯಿಂದಲ್ಲ. ಕತ್ತು ತಿರುಗಿಸಲಿಕ್ಕೂ ಬೇಜಾರು.

ಕೆಲಸ ಹೇಳಿದ್ದು ಪ್ರಭಾವತಿ ಅಮ್ಮ. ಮೂಡುಬಿದಿರೆಯ ಜೈನರ ಮನೆಯ ಹಿರಿಯಾಕೆ, ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಹುಟ್ಟಿ ಬೆಳೆದದ್ದು ಈ ದಕ್ಕೆ ಬೀದಿಯಲ್ಲಿ. ಆಗ ಲಾರಿ ಇರಲಿಲ್ಲ. ಮಂಗಳೂರಿನಿಂದ ಉಪ್ಪು, ಹೆಂಚು, ಬಟ್ಟೆ ಎಲ್ಲ ದೋಣಿಯಲ್ಲೇ ಬಂದು ಈ ದಕ್ಕೆಯಲ್ಲಿ ಇಳಿಯುತ್ತಿತ್ತು. ಸಾಯುವ ಮೊದಲು ಆ ಬೀದಿಯನ್ನೊಮ್ಮೆ ನೋಡಬೇಕು, ನನ್ನಿಂದ ಹೋಗಲಿಕ್ಕಾಗುವುದಿಲ್ಲ, ನೀನೇ ತೆಗೆದು ತಾ ಎಂದಿದ್ದರು.

ಅವನು ಹನ್ನೊಂದು ಗಾಜಿನ ಪ್ಲೇಟು ಮುಗಿಸಿದ್ದ, ಒಂದೊಂದರಲ್ಲಿ ಒಂದೊಂದು ಫೋಟೋ. ಪಾಚಿ ಹಿಡಿದ ದಕ್ಕೆಯ ಮೆಟ್ಟಿಲು. ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ. ಈಗ ಅದಕ್ಕೆ ಯಾರದೋ ಆಡು ಕಟ್ಟಿತ್ತು. ಉಪ್ಪು ತಿಂದು ತಿಂದು ಗೋಡೆಯೇ ಉದುರುತ್ತಿದ್ದ ಉಪ್ಪಿನ ಗೋದಾಮು. ಉಳಿದದ್ದು ಒಂದೇ ಪ್ಲೇಟು. ಅದು ಪ್ರಭಾವತಿ ಅಮ್ಮನ ತವರುಮನೆಯ ಜಗಲಿಗೆ. ಬೇಕೆಂದೇ ಅದನ್ನು ಕೊನೆಗೆ ಇಟ್ಟಿದ್ದ. ಚಹಾದ ಅಂಗಡಿಯ ಇಬ್ರಾಹಿಂ, ಆ ಮನೆಗೆ ಬೀಗ ಬಿದ್ದು ಹತ್ತು ವರ್ಷ ಆಯಿತು, ಏಳೂವರೆಯ ಬಸ್ಸು ತಪ್ಪಿದರೆ ಮತ್ತೆ ಬೆಳಗ್ಗೆಯೇ ಎಂದು ಹೇಳಿ ಕಳಿಸಿದ್ದ.

ಆ ಜಗಲಿ ಕಮಲಾಕ್ಷನಿಗೆ ಹೊಸತಲ್ಲ. ಹದಿನೆಂಟು ವರ್ಷ ಹಿಂದೆ ಅವನು ಮೊದಲ ಸಲ ಒಬ್ಬನೇ ಫೋಟೋ ತೆಗೆದದ್ದು ಅಲ್ಲೇ. ಪ್ರಭಾವತಿ ಅಮ್ಮನ ಅಕ್ಕ ನೀಲಾವತಿ ತೀರಿಹೋಗಿದ್ದರು. ಚಿಕ್ಕ ವಯಸ್ಸಿಗೇ ವಿಧವೆಯಾಗಿ ತವರಿಗೆ ಬಂದವರು. ರಾತ್ರಿ ಎಷ್ಟು ಹೊತ್ತಿಗೆ ದೋಣಿ ಬಂದರೂ ಎದ್ದು ದೋಣಿಯವರಿಗೆ ಗಂಜಿ ಬೇಯಿಸಿದವರು, ಒಂದು ದಿನ ನೆಟ್ಟಗೆ ನಿದ್ದೆ ಮಾಡಿದವರಲ್ಲ. ಬದುಕಿದ್ದಾಗ ಅವರದ್ದೊಂದು ಫೋಟೋ ಇರಲಿಲ್ಲ. ಆಗಿನ ಕ್ರಮದಂತೆ ಹೆಣಕ್ಕೆ ರೇಷ್ಮೆ ಸೀರೆ ಉಡಿಸಿ, ಕಂಬಕ್ಕೆ ಒರಗಿಸಿ ಕೂರಿಸಿದ್ದರು.

ತಂಗಿ ಅತ್ತುಕೊಂಡು ಕೇಳಿದ್ದಿಷ್ಟೇ, ಅಕ್ಕ ನನ್ನನ್ನು ನೋಡುವ ಹಾಗೆ ಮಾಡು. ಕಮಲಾಕ್ಷ ಮಾಡಿದ. ಫೋಟೋದವರಿಗೆಲ್ಲ ಗೊತ್ತಿದ್ದ ಕೆಲಸ ಅದು. ಕಪ್ಪು ಬಿಳಿ ತಿರುವುಮುರುವಾಗಿ ಮೂಡುವ ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲಿನಿಂದ ಕಣ್ಣಿನ ಬಿಳಿ ತುಂಬಿಸಿ, ಕರಿಗುಡ್ಡೆಯನ್ನು ಚೂರಿಯ ಮೊನೆಯಿಂದ ಕೆರೆದು, ಸತ್ತವರ ಕಣ್ಣು ತೆರೆಯಿಸುವುದು. ಇಪ್ಪತ್ತೆರಡರ ಹುಡುಗಾಟಿಕೆ… ಕಣ್ಣು ಬಹಳ ಚಂದ ಬಂದಿದೆ ಎಂದು ಅವನಿಗೇ ಹೆಮ್ಮೆಯಾಗಿತ್ತು.

ಈಗ ಆ ಜಗಲಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕಂಬಕ್ಕೆ ಒರಗಿ.

ಮನೆ ನೋಡಿಕೊಳ್ಳುವವಳಿರಬೇಕು ಎಂದುಕೊಂಡ. ಏಳಿಸಲಿಕ್ಕೆ ಮಾತು ಬೇಕು, ಮಾತಿಗೆ ತ್ರಾಣ ಬೇಕು. ಇರಲಿ ಬಿಡು, ಒಬ್ಬರು ಕೂತರೆ ಚಿತ್ರಕ್ಕೂ ಕಳೆ. ಸ್ಟ್ಯಾಂಡು ಊರಿ, ತಲೆಗೆ ಕಪ್ಪು ಬಟ್ಟೆ ಹೊದ್ದು ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ಜಗಲಿಯನ್ನು ನೋಡಿದ. ಆ ಬಟ್ಟೆಗೆ ಹೆಂಡತಿ ಲೋಲಾಕ್ಷಿ ಹಳೇ ಲುಂಗಿಯ ಚೌಕುಳಿ ತುಂಡಿನ ತೇಪೆ ಹಾಕಿದ್ದಳು. ಪ್ಲೇಟು ಹಾಕಿ, ಬಟ್ಟೆಯನ್ನು ಕ್ಯಾಮೆರಾದ ಮೇಲೆ ಸರಿಸಿ, ಲೆನ್ಸಿನ ಮುಚ್ಚಳ ತೆಗೆದು ಎಣಿಸಿದ. ಒಂದು… ಎರಡು… ಬೆಳಕು ಕಡಿಮೆ, ಮೂವತ್ತರವರೆಗೆ ಎಣಿಸಬೇಕು. ಹದಿನೈದಕ್ಕೆ ಒಂದು ಹಾತೆ ಹಾರಿಬಂದು ಅವಳ ಮುಖಕ್ಕೆ ಪಟ್ ಎಂದು ಬಡಿಯಿತು. ಅವಳು ಅಲುಗಲಿಲ್ಲ.

ಟಕ್. ಮುಚ್ಚಳ ಹಾಕಿದ.

"ಚಂದ ಕೂತಿರಿ ಅಮ್ಮ. ಹೀಗೆ ರೆಪ್ಪೆ ಬಡಿಯದೆ ಕೂರುವವರು ಸಿಗುವುದಿಲ್ಲ."

"ಮುಚ್ಚಲಿಕ್ಕೆ ಬರುವುದಿಲ್ಲ ಮಗಾ…" ಪಿಸುದನಿ. ಒಣಗಿದ ಎಲೆ ನೆಲಕ್ಕೆ ಉಜ್ಜಿದಷ್ಟು ಸಪ್ಪಳ.

"ಏನು?"

"ಕಣ್ಣು. ನೀನೇ ಅಲ್ವಾ ತೆರೆದದ್ದು… ನಿದ್ದೆ ತುಂಬಾ ಬರ್ತದೆ ಮಾರಾಯ."

ಕಮಲಾಕ್ಷ ಓಡಲಿಲ್ಲ. ಓಡಲಿಕ್ಕೆ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಸ್ಟ್ಯಾಂಡು ಮಡಚಿದ, ಪೆಟ್ಟಿಗೆ ಎತ್ತಿದ, ನೆಲವನ್ನೇ ನೋಡುತ್ತ ನಡೆದ. ಬೆನ್ನ ಹಿಂದೆ ಆಕಳಿಕೆಯ ಸದ್ದು… ಹಾ…ಆ… ಪೂರ್ತಿಯಾಗದೆ ನಿಂತಿತು. ಬಸ್ಸಿನಲ್ಲಿ ಕೂತ ಮೇಲೆಯೇ ಗೊತ್ತಾದದ್ದು, ಕಪ್ಪು ಬಟ್ಟೆ ಜಗಲಿಯ ಹತ್ತಿರ ಬಿದ್ದುಹೋಗಿತ್ತು.

ಮನೆಯಲ್ಲಿ ಉಣ್ಣಲಿಲ್ಲ, ಮಲಗಲಿಲ್ಲ. ಅವನನ್ನು ಕೊರೆದದ್ದು ಹೆದರಿಕೆಗಿಂತ ಹೆಚ್ಚಾಗಿ ಒಂದು ಲೆಕ್ಕ. ಹದಿನೆಂಟು ವರ್ಷ. ತನಗೆ ಒಂದು ರಾತ್ರಿಯ ನಿದ್ದೆ ತಪ್ಪಿದರೆ ಮರುದಿನ ಯಾರೂ ಬೇಡವೆನಿಸುತ್ತದೆ. ಆ ಹೆಂಗಸಿಗೆ ಜೀವ ಇದ್ದಾಗಲೂ ಇಲ್ಲ, ಜೀವ ಹೋದ ಮೇಲೂ ಇಲ್ಲ. ಅದೂ ತನ್ನ ಕೈಯಿಂದ.

ಬೆಳಗಾದ ಕೂಡಲೇ ಟ್ರಂಕಿನಿಂದ ನೀಲಾವತಿಯ ಹಳೇ ಪ್ಲೇಟು ಹುಡುಕಿ ತೆಗೆದ. ಕೆರೆದಲ್ಲಿ ಪೆನ್ಸಿಲು ತುಂಬಿಸುತ್ತ, ಒಂದೊಂದೇ ಗೆರೆ ಎಳೆದು ರೆಪ್ಪೆ ಇಳಿಸಿದ. ಎಡಗಣ್ಣಿಗೇ ಮಧ್ಯಾಹ್ನವಾಯಿತು. ಬಲಗಣ್ಣು ಮುಗಿದಾಗ ಅವನಿಗೇ ಆಕಳಿಕೆ ಬಂತು. ನಿನ್ನೆಯ ಕೊನೆಯ ಪ್ಲೇಟನ್ನು ತೊಳೆದು ಚಿತ್ರ ಮೂಡಿಸಿದ್ದು ಅದಾದ ಮೇಲೆ.

ಮೂರನೆಯ ದಿನ ಫೋಟೋಗಳನ್ನು ಪ್ರಭಾವತಿ ಅಮ್ಮನಿಗೆ ಕೊಟ್ಟ. ಆಕೆ ಮೆಟ್ಟಿಲು ನೋಡಿದರು, ಬಳೆ ನೋಡಿದರು, ಆಡು ನೋಡಿ ನಕ್ಕರು. ಜಗಲಿಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಅಕ್ಕ ಯಾವಾಗಲೂ ಹೀಗೇ… ಗೋಡೆಗೆ ಮುಖ ಮಾಡಿಯೇ ಮಲಗುವುದು" ಎಂದರು. ಮತ್ತೆ ಗೋಡೆಯ ಮೇಲಿದ್ದ, ಅಕ್ಕನ ಕಣ್ಣು ತೆರೆದ ಫೋಟೋವನ್ನು ಇಳಿಸಲು ಅವರೇ ಹೇಳಿದರು. ಅದರ ಜಾಗದಲ್ಲಿ ಕಮಲಾಕ್ಷ, ತಾನು ರೆಪ್ಪೆ ಇಳಿಸಿ ಹೊಸತಾಗಿ ತೆಗೆದ ಪ್ರತಿಯನ್ನು ತೂಗುಹಾಕಿದ.

ಕಮಲಾಕ್ಷ ಬರೆದು ಕೇಳಿದ ಬಟ್ಟೆಗಾಗಿ ಇಬ್ರಾಹಿಂ ಜಗಲಿ, ಅಂಗಳ, ಬಾವಿಕಟ್ಟೆ ಎಲ್ಲ ಹುಡುಕಿದ್ದ. ಸಿಗಲಿಲ್ಲ ಎಂದು ಕಾರ್ಡು ಬರೆದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಜಗಲಿಯ ಫೋಟೋವನ್ನು ನಾನು ಈ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೋಡೆಗೆ ಮುಖ ಮಾಡಿ ಒಬ್ಬ ಹೆಂಗಸು ಮಲಗಿದ್ದಾಳೆ, ತಲೆಯಡಿ ಕೈ. ಮೈ ಮೇಲೆ ಕಪ್ಪು ಬಟ್ಟೆ ಹೊದ್ದಿದ್ದಾಳೆ. ಬಟ್ಟೆಯ ಮೂಲೆಯಲ್ಲಿ ಚೌಕುಳಿಯ ತೇಪೆ ಉಂಟು. ಆ ಫೋಟೋ ತೆಗೆಯುವಾಗ ಬಟ್ಟೆ ಕ್ಯಾಮೆರಾದ ಮೇಲಿತ್ತು.