ಮನೆದೇವರು ಕೇಳಿ ಕೊಟ್ಟ ಮಹಡಿ

ಶ್ರೀರಂಗಪಟ್ಟಣದಿಂದ ಹೊರಟ ಬಸ್ಸಿನಲ್ಲಿ ಅರ್ಪಿತ, ಮನೆಯ ಮಹಡಿಯನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಪಕ್ಕದಲ್ಲಿ ಕೂತಿದ್ದ ಅತ್ತೆ ಬೈರಮ್ಮನನ್ನು ವಿಚಾರಿಸುತ್ತಿದ್ದಳು.

“ನೆನ್ನೆ ಬಂದೋನ ಆಧಾರ್ ನೋಡುದ್ರಾ ಅತ್ತೆ?”

“ನಮ್ಗೆ ಒಡ್ವೆ ಮಾಡ್ಕೊಡೋ ಬಿಂಡಿಗನವಿಲೆ ಅಕ್ಕಸಾಲಿ ಚಂದ್ರಶೇಖರಾಚಾರ್ ಮಗ ಅಂದ. ಅಜ್ಜಿ ಹೆಸ್ರು, ಮನೆದೇವ್ರು ಎಲ್ಲಾ ಕೇಳ್ದೆ, ಪಟಪಟ್ನೆ ಏಳ್ದ. ಸಾಲ್ದಾ?”

“ಆಚಾರ್ರಿಗೆ ಒಂದ್ ಫೋನ್ ಮಾಡಿ.”

ಬೈರಮ್ಮ ಫೋನು ಮಾಡಿ, ಮಳೆಬೆಳೆ ವಿಚಾರಿಸಿ, ಮಗನ ನಯವಿನಯವನ್ನು ಹೊಗಳುತ್ತಿದ್ದವರು ತಟ್ಟನೆ ಫೋನು ಕೆಳಗಿಳಿಸಿದರು.

“ಏನಂದ್ರು?”

“ಮಗ ಅಲ್ಲೇ ಎದುರ್ಗೆ ಕುಂತು ಉಣ್ತಾವ್ನಂತೆ ಕಣವ್ವ.”

“ಮತ್ತೆ ನಮ್ ಮಹಡೀಲಿರೋನು ಯಾರು? ಮನೇಲಿ ಮಗಳೊಬ್ಳೇ ಅವ್ಳಲ್ಲ!”

ಅರ್ಪಿತ ಮಗಳಿಗೆ ಫೋನು ಹಚ್ಚಿದಳು. “ಭೂಮಿಕ, ಎಲ್ಲಿದೀಯ? ಅವ್ನಿಗೆ ಕಾಫಿ ಕೊಡಕ್ಕಾ? ಲೋಟ ಮೆಟ್ಲ ಮ್ಯಾಲೇ ಮಡಗು. ಮಾತಾಡ್ಬೇಡ, ಇಳ್ದು ಆಚೆ ಬಾ.”

“ಕಂಡಕ್ಟ್ರಪ್ಪಾ, ನಿಲ್ಸು!” ಬೈರಮ್ಮ ಕೂಗಿದರು.

ಇಬ್ಬರೂ ಕಬ್ಬಿನ ಗದ್ದೆಯ ಪಕ್ಕ ಇಳಿದರು. ಫೋನು ಅರ್ಪಿತಳ ಕಿವಿಯಲ್ಲೇ ಇತ್ತು.

“ಬಂದ್ಯಾ? ಭೂಮಿಕ, ಆಚೆ ಬಂದ್ಯಾ?”